ಓಆರ್ ನೋಟ್ಸ್, ಭಾಗ 4: ಇದ್ರಾಗ ನಮ್ಮಪ್ಪ ಎಲ್ಲದಾನ?

ಮೊದಲ ಫೋಟೋದಲ್ಲಿ ಇರೋದು ಕತ್ತರಿ, ಸ್ಕೇಲು, ಹಳೇ ಕ್ಯಾಲೆಂಡರಿನ ಪಟ್ಟಿಗಳು. ಕ್ರಾಫ್ಟ್ ಕ್ಲಾಸ್ ಅಲ್ರೀ, ಆಪರೇಷನ್ಸ್ ರಿಸರ್ಚ್!

ಹೋದ ಭಾನುವಾರ ಹಳಿಯಾಳದ ರೂಮಲ್ಲಿ ನಾಲ್ಕು ಜನ ಕೂತಿದ್ವಿ. ನಾನು ದಾಂಡೇಲಿಯವಳು, ಒಬ್ಬಳು ಜೋಯಿಡಾ, ಒಬ್ಬ ಮುಂಡಗೋಡ, ಇನ್ನೊಬ್ಬ ಹಳಿಯಾಳದ ಹತ್ತಿರದ ಹಳ್ಳಿಯವ. ಅವನಿಗೆ ಓಆರ್ ಎರಡು ಸಲ ಉಳಿದಿದೆ. ಈ ಸಲವೂ ಉಳಿದರೆ ಓದು ಬಿಟ್ಟು ಊರಿಗೆ ಹೋಗ್ತೀನಿ ಅಂತಿದ್ದ. "ಟೇಬಲ್ ಹಾಕ್ತೀನಿ, ಪಿವೋಟ್ ಹುಡುಕ್ತೀನಿ. ಆದ್ರ ಯಾಕ ಮಾಡಾಕತ್ತೀನಿ ಅನ್ನೂದ ತಿಳಿವಲ್ದು" ಅಂದ. ನಾನೂ ಮೊದಲ ಸಲ ಇದೇ ಪೇಪರಿನಲ್ಲಿ ಫೇಲ್ ಆದವಳು, ಕಾರಣವೂ ಅದೇ. ಹಾಗಾಗಿ ಪುಸ್ತಕ ಮುಚ್ಚಿಟ್ಟು ಕತ್ತರಿ ತಗೊಂಡ್ವಿ.

ನಮ್ಮೂರಿನ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿದ್ದು 1955ರಲ್ಲಿ. ಯಾವುದೇ ಪೇಪರ್ ಮಿಲ್ ಇರಲಿ, ಮಷಿನ್‌ನಿಂದ ಹೊರಬರೋದು ಅಗಲವಾದ ದೊಡ್ಡ ರೋಲು. ಗಿರಾಕಿ ಕೇಳೋದು ಸಣ್ಣ ಅಗಲದ್ದು. ಬ್ಲೇಡು ಎಲ್ಲೆಲ್ಲಿ ಇಡಬೇಕು? ಲೆಕ್ಕ ತಪ್ಪಿದರೆ ಅಂಚಿನಲ್ಲಿ ಪಟ್ಟಿ ಉಳಿಯತ್ತೆ. ಅದನ್ನ ಮತ್ತೆ ಪಲ್ಪ್ ಮಾಡಬಹುದು ನಿಜ, ಆದರೆ ಅದಕ್ಕೆ ಸುರಿದ ಕರೆಂಟು, ಹಬೆ, ಸಮಯ ವಾಪಸ್ ಬರಲ್ಲ.

ಲೆಕ್ಕ ನೋಡಿ (ಅಳತೆಗಳು ನಾನೇ ಮಾಡಿಕೊಂಡದ್ದು). ದೊಡ್ಡ ರೋಲು 300 ಸೆಂ.ಮೀ. ಅಗಲ. ಬೇಕಾಗಿರೋದು 130, 90, 80 ಸೆಂ.ಮೀ. ಅಗಲದ ರೋಲುಗಳು, ಒಂದೊಂದೂ 12.

ಮುಂಡಗೋಡದವ ಸರಸರ ಕತ್ತರಿಸಿದ. ಒಂದು ರೋಲಿಗೆ ಎರಡು 130, ಅಂದ್ರೆ 6 ರೋಲು. ಮೂರು 90, ಅಂದ್ರೆ 4. ಮೂರು 80, ಇನ್ನೂ 4. ಒಟ್ಟು 14 ರೋಲು. ನೆಲದ ಮೇಲೆ ಚೂರೋ ಚೂರು.

ಈಗ ಓಆರ್ ಏನು ಮಾಡತ್ತೆ ಅಂದ್ರೆ, ಪ್ರತಿ ಅಗಲಕ್ಕೂ ಒಂದು ಬೆಲೆ ಕಟ್ಟತ್ತೆ. ಇವನ ಪ್ಲಾನ್‌ನಲ್ಲಿ ಒಂದು 130ಕ್ಕೆ ಅರ್ಧ ರೋಲು ಖರ್ಚು. 90ಕ್ಕೆ ಮೂರರಲ್ಲಿ ಒಂದು ಪಾಲು, 80ಕ್ಕೂ ಅಷ್ಟೇ. ಆಮೇಲೆ ಒಂದೇ ಪ್ರಶ್ನೆ: 300ರೊಳಗೆ ಕೂರೋ ಹೊಸ ಜೋಡಣೆ ಯಾವುದಾದರೂ ಇದೆಯಾ, ಅದರ ಒಟ್ಟು ಬೆಲೆ 1 ದಾಟೋ ಹಾಗೆ? 130 + 90 + 80 = 300, ಕೂತಿತು. ಬೆಲೆ 1/2 + 1/3 + 1/3 = 7/6, ದಾಟಿತು! ಒಂದು ರೋಲಿನ ಖರ್ಚಿನಲ್ಲಿ ಒಂದಕ್ಕಿಂತ ಹೆಚ್ಚು ರೋಲಿನ ಕೆಲಸ ಆಗತ್ತೆ ಅಂತ ಅರ್ಥ. ಹೀಗೇ 12 ರೋಲು ಕತ್ತರಿಸಿದರೆ ಆರ್ಡರ್ ಪೂರ್ತಿ, ಒಂದು ಚೂರೂ ಉಳಿಯಲ್ಲ.

ನಿಜವಾದ ಆರ್ಡರುಗಳಲ್ಲಿ ಜೋಡಣೆಗಳು ಲಕ್ಷಗಟ್ಟಲೆ ಆಗಬಹುದು. ಎಲ್ಲ ಬರೆಯೋದು ಬೇಡ, ಬೆಲೆ 1 ದಾಟೋದನ್ನ ಮಾತ್ರ ಹುಡುಕಿ ಒಳಗೆ ತಗೊಳ್ಳಿ ಅನ್ನೋ ಈ ದಾರಿಯನ್ನ ಗಿಲ್ಮೋರ್ ಮತ್ತು ಗೊಮೊರಿ 1961ರಲ್ಲಿ ತೋರಿಸಿದರು. ಅದಕ್ಕೂ ಮೊದಲು, 1939ರಲ್ಲಿ, ಲೆನಿನ್‌ಗ್ರಾಡಿನ ಕಾಂಟೊರೊವಿಚ್ ಈ ಥರದ ಲೆಕ್ಕಗಳ ಬಗ್ಗೆ ಬರೆದಿದ್ದರು. ಅವರನ್ನ ಈ ಕಡೆ ಎಳೆದದ್ದು ಪ್ಲೈವುಡ್ ಉದ್ಯಮದವರು ತಂದಿಟ್ಟ ಒಂದು ಸಮಸ್ಯೆ. ನಮ್ಮ ದಾಂಡೇಲಿಯಲ್ಲೂ ಒಂದು ಕಾಲಕ್ಕೆ ಪ್ಲೈವುಡ್ ಕಾರ್ಖಾನೆ ಇತ್ತಲ್ಲ, ಅಂಥವರು! 1975ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಾವು ಬಾಯಿಪಾಠ ಮಾಡೋ ಸಿಂಪ್ಲೆಕ್ಸ್, ಡಾಂಟ್ಜಿಗ್ 1947ರಲ್ಲಿ ಕೊಟ್ಟದ್ದು.

ಇಷ್ಟಾದ ಮೇಲೆ ಹಳಿಯಾಳದವ ಕೇಳಿದ, "ಹಂಗಾದ್ರ ಕಬ್ಬಿಗೂ ಹಿಂಗ ಲೆಕ್ಕ ಹಾಕಬಹುದೇನು?"

ಹಾಕಬಹುದು. ಯಾವ ಹೊಲ ಯಾವತ್ತು ಕಡಿಯಬೇಕು, ಯಾವ ಲಾರಿ ಎಲ್ಲಿಗೆ ಹೋಗಬೇಕು. ನಾನು ಜೋರಾಗಿ ಬರೆದೆ: ಲಾರಿ ಖರ್ಚು ಮಿನಿಮೈಸ್. ಕೆಳಗೆ ಕನ್‌ಸ್ಟ್ರೇಂಟ್‌ಗಳು: ಲಾರಿ ಇಷ್ಟು, ದಿನಕ್ಕೆ ಅರೆಯೋ ಕಬ್ಬು ಇಷ್ಟು ಟನ್.

ಅವನು ಹಾಳೆಯನ್ನ ಬಹಳ ಹೊತ್ತು ನೋಡಿದ. "ಇದ್ರಾಗ ನಮ್ಮಪ್ಪ ಎಲ್ಲದಾನ?"

ಹೋದ ಹಂಗಾಮಿನಲ್ಲಿ ಅವರ ಕಬ್ಬು ಕಡಿದ ಮೇಲೆ ಲಾರಿ ಬಂದದ್ದು ಮೂರನೇ ದಿನಕ್ಕಂತೆ. ಕಡಿದ ಕಬ್ಬು ಒಣಗತ್ತೆ, ತೂಕ ಇಳಿಯತ್ತೆ, ಸಕ್ಕರೆ ಅಂಶವೂ ಇಳಿಯತ್ತೆ. ರೈತನಿಗೆ ದುಡ್ಡು ಸಿಗೋದು ತೂಕದ ಮೇಲೆ. ನನ್ನ ಹಾಳೆಯಲ್ಲಿ ಲಾರಿ ಇತ್ತು, ಡೀಸೆಲ್ ಇತ್ತು. ಹೊಲದ ಬದುವಿನ ಮೇಲೆ ಕೂತು ಕಾಯೋ ಮನುಷ್ಯ ಇರಲಿಲ್ಲ.

ನನಗೆ ಉತ್ತರ ಹೊಳೆಯಲಿಲ್ಲ. ಅವನೇ ಪೆನ್ನು ತಗೊಂಡು ಒಂದು ಸಾಲು ಸೇರಿಸಿದ: ಕಡಿದ ಹೊತ್ತಿನಿಂದ ತೂಕದ ಹೊತ್ತಿನವರೆಗೆ ≤ 24 ಗಂಟೆ. ಎರಡು ಸಲ ಫೇಲ್ ಆದವ ತಾನಾಗಿಯೇ ಬರೆದ ಮೊದಲ ಕನ್‌ಸ್ಟ್ರೇಂಟ್ ಅದು. ನಾಲ್ಕನೇ ಫೋಟೋದಲ್ಲಿದೆ, ಅಕ್ಷರ ನೋಡಿ ನಗಬ್ಯಾಡ್ರಿ.

ಈಗ ಪರೀಕ್ಷೆಗೂ ಬರೋ ಮಾತು. ಮಿನಿಮೈಸ್ ಮಾಡೋ ಲೆಕ್ಕಕ್ಕೆ ಹೊಸ ಕನ್‌ಸ್ಟ್ರೇಂಟ್ ಸೇರಿಸಿದರೆ ಖರ್ಚು ಇದ್ದಷ್ಟೇ ಇರಬಹುದು ಅಥವಾ ಏರಬಹುದು, ಇಳಿಯೋದಂತೂ ಇಲ್ಲ. ಏರಿದರೆ "ನೋಡಿದ್ಯಾ, ನಷ್ಟ ಆಯ್ತು" ಅಂತಾರೆ. ಹಾಗಲ್ಲ. ಆ ಖರ್ಚು ಮೊದಲೂ ಇತ್ತು, ಯಾರೋ ಒಬ್ಬರು ಹೊಲದಲ್ಲಿ ಕೂತು ಸುಮ್ಮನೆ ತುಂಬ್ತಾ ಇದ್ದರು. ಈಗ ಅದು ಹಾಳೆ ಮೇಲೆ ಬಂತು, ಅಷ್ಟೇ. ಹಾಳೆ ಮೇಲೆ ಬಂದದ್ದರ ಬಗ್ಗೆ ಕೂತು ಮಾತಾಡಬಹುದು.

ಆದ್ದರಿಂದ ಸಿಂಪ್ಲೆಕ್ಸ್ ಟೇಬಲ್ ಹಾಕೋ ಮುಂಚೆ ಎರಡು ನಿಮಿಷ ಕೂತು ಕೇಳಿಕೊಳ್ಳಿ: ಯಾರ ಖರ್ಚು ಇಳಿಸ್ತಾ ಇದ್ದೀನಿ? ಯಾರನ್ನ ಬರೆಯೋಕೆ ಮರೆತೆ? ಟೇಬಲ್ ಕಂಪ್ಯೂಟರ್ ಹಾಕತ್ತೆ. ಈ ಪ್ರಶ್ನೆ ಅದು ಕೇಳಲ್ಲ.

ಐದು ಗಂಟೆಗೆ ಜೋಯಿಡಾದವಳು ಬ್ಯಾಗ್ ಏರಿಸಿದಳು. "ನಂದೂ ಒಂದು ಕನ್‌ಸ್ಟ್ರೇಂಟ್ ಐತಿ, ಕೊನೇ ಬಸ್ಸು" ಅಂದಳು. ಎದ್ದ್ವಿ.

ನಿಮಗೆ ಹೋಮ್‌ವರ್ಕ್: ಅದೇ 300ರ ರೋಲು. 130 ಮತ್ತು 90 ಹನ್ನೆರಡೇ, ಆದರೆ 80 ಈಗ 18 ಬೇಕು. ಎಷ್ಟು ದೊಡ್ಡ ರೋಲು ಸಾಕು? ಅದಕ್ಕಿಂತ ಕಡಿಮೆ ಆಗಲ್ಲ ಅಂತ ಹೇಗೆ ಹೇಳ್ತೀರಿ? ಉತ್ತರ ಕೆಳಗೆ ಹಾಕಿ. ಕತ್ತರಿ ಹಿಡಿದು ಮಾಡಿದವರು ಫೋಟೋನೂ ಕಳಿಸಿ.

ಅವನ ಪರೀಕ್ಷೆ ಸೋಮವಾರ. ಒಳ್ಳೇದಾಗಲಿ ಅನ್ನಿ.

#ಓಆರ್‌ನೋಟ್ಸ್ #ಹಳಿಯಾಳ #ದಾಂಡೇಲಿ #ಜೋಯಿಡಾ #ಮುಂಡಗೋಡ