ಆ ಎರಡು ವರ್ಷ ಮಗು ಎಲ್ಲಿ ಓದಬೇಕು?

ಶಿರೂರಿನಲ್ಲಿ ಬಸ್ಸು ಹತ್ತಿ ದಕ್ಷಿಣಕ್ಕೆ ಹೊರಡಿ. ಬೈಂದೂರು ದಾಟಿ ಮರವಂತೆಗೆ ಬಂದಾಗ ಒಂದು ಕಡೆ ಅರಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಶಿರೂರು, ಗಂಗೊಳ್ಳಿ, ಕುಂದಾಪುರದ ಕೋಡಿ ಹೀಗೆ ಈ ಕರಾವಳಿಯ ಎಷ್ಟೋ ಮನೆಗಳು ಎದ್ದು ನಿಂತಿರುವುದು ಆ ಸಮುದ್ರದಾಚೆಯ ದುಡಿಮೆಯಿಂದಲೇ.

ಪರೀಕ್ಷೆಯ ಫಲಿತಾಂಶ ಬಂತೆಂದರೆ ಈ ಮನೆಗಳಲ್ಲಿ ಸೀಟಿನದೇ ಮಾತು. “ತಂದೆ ಗಲ್ಫಿನಲ್ಲಿದ್ದಾರಲ್ಲ, ಎನ್‌ಆರ್‌ಐ ಸೀಟು ಸಿಗುತ್ತದೆ” ಎನ್ನುವವರು ಬೇಕಾದಷ್ಟು ಮಂದಿ. ಅದರ ಶುಲ್ಕವನ್ನು ಎಷ್ಟು ವರ್ಷ ಕಟ್ಟಬೇಕೆಂದು ಹೇಳುವವರು ಕಡಿಮೆ.

ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಹೆಚ್ಚೆಂದರೆ ಶೇ. 15 ಸೀಟುಗಳನ್ನು ಅನಿವಾಸಿಗಳಿಗೆ ಕೊಡಬಹುದೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಇನಾಮ್ದಾರ್ ಪ್ರಕರಣದಲ್ಲಿ ಹೇಳಿತು. ಆ ಹಣ ಬಡ ವಿದ್ಯಾರ್ಥಿಗಳ ಉಪಯೋಗಕ್ಕೆ ಬರಬೇಕೆಂದೂ ಹೇಳಿತು. ಆದ್ದರಿಂದಲೇ ಈ ಸೀಟಿನ ಶುಲ್ಕ ದುಬಾರಿ. ತಂದೆಯ ಕೆಲಸ ಮಧ್ಯದಲ್ಲಿ ಹೋದರೂ ಕಾಲೇಜಿನ ಕಂತು ನಿಲ್ಲುವುದಿಲ್ಲ. 2020ರಲ್ಲಿ ಕೆಲಸ ಕಳೆದುಕೊಂಡು ಎಷ್ಟು ಮಂದಿ ಊರಿಗೆ ಮರಳಿದರೆಂಬುದನ್ನು ನೀವೇ ಕಂಡಿದ್ದೀರಿ.

ಬಸ್ಸು ಮಾಬುಕಳ ಸೇತುವೆ ದಾಟಿ ಬ್ರಹ್ಮಾವರ, ಉಡುಪಿಯನ್ನು ಹಿಂದೆ ಹಾಕಿ ಇನ್ನೂ ಮುಂದೆ ಹೋದರೆ ಸುರತ್ಕಲ್. ಅಲ್ಲಿ ಹೆದ್ದಾರಿಯ ಬದಿಯಲ್ಲೇ ಎನ್‌ಐಟಿಕೆ ಇದೆ. ಹೊರದೇಶದಲ್ಲಿ ಓದಿ ‘ಡಾಸಾ’ ಯೋಜನೆಯಲ್ಲಿ ಎನ್‌ಐಟಿಗೆ ಬರುವವರಿಗೆ ಬೋಧನಾ ಶುಲ್ಕ ವರ್ಷಕ್ಕೆ 8,000 ಡಾಲರ್. ಆದರೆ ಅದೇ ಯೋಜನೆಯಲ್ಲಿ ಗಲ್ಫ್ ದುಡಿಮೆಗಾರರ ಮಕ್ಕಳಿಗೆ ಬೇರೆ ವಿಭಾಗವಿದೆ. ಅವರು ಇಲ್ಲಿನ ಮಕ್ಕಳಂತೆಯೇ ವರ್ಷಕ್ಕೆ 1,25,000 ರೂಪಾಯಿ ಬೋಧನಾ ಶುಲ್ಕ ಕಟ್ಟಿದರೆ ಸಾಕು. ಜೆಇಇ ಮೇನ್ ಅಂಕ ಮಾತ್ರ ಬೇಕೇ ಬೇಕು.

ಸಹೋದರಿಯರೇ, ಇಲ್ಲಿ ಒಂದು ಮಾತು ಗಮನಿಸಿ. ಈ ರಿಯಾಯಿತಿಗೆ ತಂದೆ ಗಲ್ಫಿನಲ್ಲಿದ್ದರೆ ಸಾಲದು, ಹನ್ನೊಂದು ಮತ್ತು ಹನ್ನೆರಡನೇ ತರಗತಿಯನ್ನು ಮಗುವೂ ಹೊರದೇಶದಲ್ಲೇ ಓದಿರಬೇಕು. ಮನೆ ಬಾಡಿಗೆ, ಶಾಲೆಯ ಖರ್ಚು ತಾಳಲಾರದೆ ಹತ್ತನೇ ತರಗತಿ ಮುಗಿದೊಡನೆ ತಾಯಿ ಮಕ್ಕಳನ್ನು ಊರಿಗೆ ಕಳಿಸುವುದು ನಮ್ಮಲ್ಲಿ ರೂಢಿ. ಆ ಒಂದು ವಿಮಾನ ಟಿಕೆಟಿನೊಂದಿಗೆ ಈ ಬಾಗಿಲು ಮುಚ್ಚುತ್ತದೆ.

ಇನ್ನೊಂದು ಬಾಗಿಲು ಊರಿನಲ್ಲೇ ಇದೆ. ಕರ್ನಾಟಕದಲ್ಲಿ ಏಳು ವರ್ಷ ಓದಿ ಇಲ್ಲೇ ಪಿಯುಸಿ ಪಾಸಾದ ಮಗು ಸಿಇಟಿ ಬರೆದು ಸರಕಾರಿ ಕೋಟಾದ ಸೀಟು ಕೇಳಬಹುದು. ತಂದೆ ದುಬೈಯಲ್ಲಿರುವುದು ಅದಕ್ಕೆ ಅಡ್ಡಿಯಲ್ಲ. ಕಷ್ಟಕ್ಕೆ ಸಿಲುಕುವುದು ನಾಲ್ಕು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ ಎಂದು ಅತ್ತಿತ್ತ ಓಡಾಡಿದ ಮಗು. ಅದಕ್ಕೆ ಎರಡೂ ಕಡೆಯ ಅರ್ಹತೆ ಕೈತಪ್ಪಬಹುದು.

ಆದ್ದರಿಂದ ಮಗು ಒಂಬತ್ತನೇ ತರಗತಿಯಲ್ಲಿರುವಾಗಲೇ ಗಂಡನೊಡನೆ ಫೋನಿನಲ್ಲಿ ಕುಳಿತು ಲೆಕ್ಕ ಹಾಕಿ. ಎರಡು ವರ್ಷದ ಅಲ್ಲಿನ ಖರ್ಚು ಎಷ್ಟು, ನಾಲ್ಕು ವರ್ಷದ ಶುಲ್ಕದಲ್ಲಿ ಉಳಿಯುವುದೆಷ್ಟು? ಆ ವರ್ಷದ ನಿಯಮವನ್ನು ಪ್ರವೇಶದ ಕೈಪಿಡಿಯಲ್ಲಿ ಓದಿ ನೋಡಿ. ಏಜೆಂಟನ ಬಾಯಿಮಾತು ನಂಬಬೇಡಿ. ಚಿನ್ನ ಅಡವಿಡುವ ಮೊದಲು ಮಾಡಬೇಕಾದ ಲೆಕ್ಕವಿದು.