ಸುತ್ತು ಸುತ್ತುಗಳ ನಡುವೆ

ಹಿರಿಯಡ್ಕದ ಹತ್ತಿರವೇ ಸ್ವರ್ಣಾ ನದಿ ಹರಿದರೂ ನಮ್ಮ ಅಡಿಕೆ ತೋಟಕ್ಕೆ ಬಾವಿಯ ನೀರೇ ಗತಿ. ಬಾವಿಗಿರುವುದು ಮೂರು ಎಚ್‌ಪಿಯ ಪಂಪು. ಯಜಮಾನರು ತೀರಿಕೊಂಡ ಮೇಲೆ ಅದರ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. ಸ್ವಿಚ್ಚು ಹಾಕುವವನು ಮಾತ್ರ ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿ ದುಡಿಯುವ ಆಳು.

ಕಳೆದ ಮಾರ್ಚಿನಲ್ಲಿ ಸ್ವಿಚ್ಚು ಹಾಕಿದೊಡನೆ ಪಂಪು ಟ್ರಿಪ್ ಆಗತೊಡಗಿತು. ಎಲೆಕ್ಟ್ರಿಶಿಯನ್ ಬಂದು ಮೆಗ್ಗರ್ ಇಟ್ಟು ನೋಡಿ, “ಮೋಟಾರಿಗೆ ಏನೂ ಆದಹಾಗಿಲ್ಲ ಟೀಚರ್” ಎಂದ. ಮೋಟಾರು ಸರಿಯಿದ್ದರೆ ತಪ್ಪು ಯಾರದು? ನಾನು ಆಳಿನ ಕಡೆ ತಿರುಗಿದೆ. ವೋಲ್ಟೇಜ್ ಇಲ್ಲದಾಗ ಓಡಿಸಿರಬೇಕು, ನೀರು ತಳ ಕಂಡರೂ ನಿಲ್ಲಿಸದೆ ಇದ್ದಿರಬೇಕು ಎಂದು ತರಗತಿಯ ದನಿಯಲ್ಲೇ ಗದರಿಸಿದೆ. ಅವನು ಎದುರಾಡಲಿಲ್ಲ. ಕಾಫಿ ಕುಡಿಯದೆ ಹೋದವನು ಮರುದಿನ ಬರಲಿಲ್ಲ.

ವಾರದೊಳಗೆ ಎಳೆಯ ಅಡಿಕೆ ಸಸಿಗಳು ಬಾಡಿದವು. ಮೋಟಾರನ್ನು ರಿಕ್ಷಾದಲ್ಲಿ ಹಾಕಿಕೊಂಡು ಉಡುಪಿಯ ವೈಂಡಿಂಗ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಸರ್ಜ್ ಟೆಸ್ಟ್ ಮಾಡಿ ತೋರಿಸಿದ.

ಮೆಗ್ಗರ್ ನೋಡುವುದು ಸುರುಳಿಗೂ ಮೋಟಾರಿನ ಕಬ್ಬಿಣದ ಮೈಗೂ ನಡುವಿನ ರಕ್ಷಣೆಯನ್ನು. ಆದರೆ ಒಂದೇ ಸುರುಳಿಯ ಸುತ್ತು ಸುತ್ತುಗಳ ನಡುವೆ ಇರುವುದು ತಂತಿಗೆ ಬಳಿದ ತೆಳ್ಳನೆಯ ಎನಾಮಲ್. ಮಳೆಗಾಲದ ತೇವ, ಬೇಸಿಗೆಯ ಕಾವು, ಚಾಲೂ ಆಗುವಾಗಿನ ಅದುರು ಅದನ್ನು ಸವೆಸುತ್ತವೆ. ಅದು ಮೆಗ್ಗರಿಗೆ ಕಾಣದು. ಕಾಣಬೇಕಾದರೆ ಕ್ಷಣಮಾತ್ರದ ಜೋರಾದ ವಿದ್ಯುತ್ ಏಟು ಕೊಡಬೇಕು. 415 ವೋಲ್ಟಿನ ಮೋಟಾರಾದರೆ ಅದರ ಎರಡರಷ್ಟಕ್ಕೆ 1,000 ಸೇರಿಸುವುದು ವಾಡಿಕೆ. ಅಂದರೆ 1,830 ವೋಲ್ಟು. ಹೊಡೆದ ಗಂಟೆ ಗುಂಯ್‌ಗುಟ್ಟಿದಂತೆ ಪ್ರತಿ ಫೇಸಿನ ಸುರುಳಿಯೂ ಪರದೆಯ ಮೇಲೆ ಒಂದು ಅಲೆ ಬರೆಯುತ್ತದೆ. ಮೂರೂ ಅಲೆಗಳು ಒಂದರ ಮೇಲೊಂದು ಕೂತರೆ ಕ್ಷೇಮ. ನಮ್ಮದರಲ್ಲಿ ಒಂದು ಪಕ್ಕಕ್ಕೆ ಸರಿದು ನಿಂತಿತ್ತು.

“ಇದು ಓಡಿಸಿದವರ ತಪ್ಪಾ?” ಎಂದು ಕೇಳಿದೆ.

“ಎಷ್ಟು ವರ್ಷದ ವೈಂಡಿಂಗ್ ಟೀಚರ್?”

ಹದಿನಾಲ್ಕು ವರ್ಷ. ಯಜಮಾನರೇ ಕಟ್ಟಿಸಿದ್ದು. ಹುಡುಗ ಮುಂದೇನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಇಂಥ ಪರೀಕ್ಷೆಯ ಬಗ್ಗೆ ಅಮೆರಿಕದ ಇಂಜಿನಿಯರುಗಳ ಪತ್ರಿಕೆಯಲ್ಲಿ 1926ರಲ್ಲೇ ರೈಲ್ಯಾಂಡರ್ ಎಂಬವರು ಬರೆದಿದ್ದರೆಂದು ಆಮೇಲೆ ತಿಳಿಯಿತು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪರೀಕ್ಷೆ ಕೊಟ್ಟವಳು ನಾನು. ಮೋಟಾರಿಗೆ ಎರಡೆರಡು ಪರೀಕ್ಷೆ ಮಾಡಿಸಿದೆ; ಮನುಷ್ಯನಿಗೆ ಒಂದೂ ಇಲ್ಲದೆ ಫಲಿತಾಂಶ ಓದಿಬಿಟ್ಟಿದ್ದೆ.

ಅಂದು ಸಂಜೆಯೇ ಅವನ ಮನೆಗೆ ಹೋದೆ. ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದ. “ನಿನ್ನ ತಪ್ಪಲ್ಲ ಮಾರಾಯ, ವೈಂಡಿಂಗೇ ಹೋಗಿತ್ತು. ನಾನು ಹಾಗೆಲ್ಲ ಹೇಳಬಾರದಿತ್ತು” ಎಂದೆ. ಇಷ್ಟು ಹೇಳಲು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ.

ಅವನು ತಲೆಯೆತ್ತಿ ಕೇಳಿದ್ದು ಒಂದೇ: “ಸಸಿಗೆ ಯಾರು ನೀರು ಹಾಕ್ತಿದ್ದಾರೆ ಅಮ್ಮ?”

ಮೋಟಾರು ಬರುವ ತನಕ ನಾಲ್ಕು ದಿನ ಕೊಡದಲ್ಲಿ ನೀರು ಸೇದಿ ಹಾಕಿದೆವು, ಇಬ್ಬರೂ. ಕಾಫಿಯನ್ನು ಬಾವಿಕಟ್ಟೆಗೇ ಒಯ್ದಿದ್ದೆ.