ಮೊದಲು ಬಂದ 95ರ ಪಾಡು

ಒಂದು ಉದ್ದನೆಯ ಬೀದಿ, ಒಬ್ಬನೇ ಅಂಚೆಯಣ್ಣ. ಕಾಗದಗಳು ಕೈಗೆ ಬಂದ ಕ್ರಮದಲ್ಲೇ ಹಂಚಲು ಹೊರಟನೋ, ಈ ತುದಿಯಿಂದ ಆ ತುದಿಗೆ ಅಲೆದು ಚಪ್ಪಲಿ ಸವೆಯುವುದು ಖಂಡಿತ. ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಲ್ಲಿ ಮಾಹಿತಿ ಓದುವ ಹೆಡ್‌ನ ಪಾಡೂ ಇದೇ. ತಿರುಗುವ ತಟ್ಟೆಯ ಮೇಲೆ ಬಳೆಯೊಳಗೆ ಬಳೆಯಂತೆ ಟ್ರ್ಯಾಕ್‌ಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಸರಿಯಲು ಹೆಡ್‌ಗೆ ಸರಾಸರಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಪ್ರೊಸೆಸರ್ ಕೋಟಿಗಟ್ಟಲೆ ಲೆಕ್ಕ ಮುಗಿಸಿ ಕೈಕಟ್ಟಿ ಕೂತಿರುತ್ತದೆ! ಆದ್ದರಿಂದ ಮುಂದಿನ ಸರದಿ ಯಾರದೆಂದು ಆಪರೇಟಿಂಗ್ ಸಿಸ್ಟಂ ಯೋಚಿಸಿ ತೀರ್ಮಾನಿಸಬೇಕು.

ಹೆಡ್ 50ನೇ ಟ್ರ್ಯಾಕ್‌ನಲ್ಲಿದೆ ಎನ್ನಿ. 95, 40, 60, 5, 55 ಎಂಬ ಕ್ರಮದಲ್ಲಿ ಕೋರಿಕೆಗಳು ಬಂದಿವೆ. ಬಂದ ಕ್ರಮದಲ್ಲೇ ಹೋದರೆ ಒಟ್ಟು ಓಡಾಟ 225 ಟ್ರ್ಯಾಕ್. 'ಹತ್ತಿರದವರಿಗೆ ಮೊದಲು' ಎಂದರೆ 55, 60, 40, 5, 95. ಓಡಾಟ 155ಕ್ಕೆ ಇಳಿಯಿತು. ಜಾಣತನವೇ. ಆದರೆ ಎಲ್ಲರಿಗಿಂತ ಮೊದಲು ಬಂದು ನಿಂತ 95ಕ್ಕೆ ಸಿಕ್ಕಿದ್ದು ಕೊನೆಯ ಸರದಿ. ಈ ನಡುವೆ 40ರ ಅಕ್ಕಪಕ್ಕ ಹೊಸ ಕೋರಿಕೆಗಳು ಬರುತ್ತಲೇ ಇದ್ದರೆ ಅದರ ಸರದಿ ಬರುವುದೇ ಇಲ್ಲ. ಪಠ್ಯಪುಸ್ತಕಗಳು ಇದನ್ನು 'ಸ್ಟಾರ್ವೇಷನ್' ಎನ್ನುತ್ತವೆ, ಅಂದರೆ ಉಪವಾಸ. ಇಷ್ಟು ನೇರವಾದ ಹೆಸರು ಆ ಪುಸ್ತಕಗಳಲ್ಲಿ ಅಪರೂಪ.

ಮೂರನೆಯದು ಲಿಫ್ಟ್‌ನ ಕ್ರಮ. ಮೇಲೆ ಹೊರಟ ಲಿಫ್ಟ್ ದಾರಿಯಲ್ಲಿ ಸಿಕ್ಕವರ ಕೆಲಸ ಮುಗಿಸಿ, ಆಮೇಲೆ ಕೆಳಗಿಳಿಯುತ್ತದೆ. 55, 60, 95, 40, 5. ಒಟ್ಟು 135. ಹೆಜ್ಜೆಹೆಜ್ಜೆಗೂ ಹತ್ತಿರದ್ದನ್ನೇ ಹುಡುಕಿದ ಜಾಣನಿಗಿಂತ ಇದರ ಓಡಾಟವೇ ಕಡಿಮೆ! ಎಲ್ಲ ಲೆಕ್ಕದಲ್ಲೂ ಹೀಗಾಗುತ್ತದೆಂದಲ್ಲ. ಮೊದಲು ಕೆಳಗೆ ಹೊರಟರೂ ಮೊತ್ತ 135 ಆಗುತ್ತದೆ, 95 ಮಾತ್ರ ಮತ್ತೆ ಕೊನೆಗೆ ಬೀಳುತ್ತದೆ. ಆದರೆ ಹೆಡ್ ತಿರುಗಿ ಬಂದೇ ಬರುತ್ತದೆಂಬ ಭರವಸೆ ಅದಕ್ಕಿದೆ.

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೇಳುವುದು ಒಟ್ಟು ಓಡಾಟವನ್ನು. 225, 155, 135 ಎಂದು ಬರೆದು ಪೂರ್ಣ ಅಂಕ ಪಡೆದ ಹುಡುಗನಿಗೆ 95 ಎಷ್ಟು ಹೊತ್ತು ಕಾಯಿತೆಂದು ಕೇಳಿ ನೋಡಿ. ಲೆಕ್ಕದ ಆ ಮಗ್ಗುಲನ್ನು ಅವನು ನೋಡಿಯೇ ಇರುವುದಿಲ್ಲ. ಲಿನಕ್ಸ್ ಬರೆದವರು ನೋಡಿದರು. ಅದರ 'ಡೆಡ್‌ಲೈನ್' ವಿಧಾನ ಓದುವ ಕೋರಿಕೆಗೆ ಅರ್ಧ ಸೆಕೆಂಡ್, ಬರೆಯುವ ಕೋರಿಕೆಗೆ 5 ಸೆಕೆಂಡ್ ಗಡುವು ಇಡುತ್ತದೆ. ಗಡುವು ದಾಟಿದ ಕೋರಿಕೆ ದೂರದ್ದಾದರೂ ಸಾಲಿನ ಮುಂದಕ್ಕೆ ಬರುತ್ತದೆ. ಓದುವುದಕ್ಕೆ ಅವಸರ ಹೆಚ್ಚು, ಮಾಹಿತಿ ಸಿಗುವವರೆಗೆ ಪ್ರೋಗ್ರಾಂ ಮುಂದುವರಿಯಲಾರದು. ಬರೆಯಬೇಕಾದದ್ದು ಮೆಮೊರಿಯಲ್ಲಿ ಕೊಂಚ ಕಾಯಬಲ್ಲದು.

ಈಗಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. 55 ಹತ್ತಿರ, 95 ದೂರ ಎಂಬ ಮಾತೇ ಅಲ್ಲಿಲ್ಲ. ಆದರೂ ಬೃಹತ್ ದತ್ತಾಂಶ ಕೇಂದ್ರಗಳಲ್ಲಿ ತಟ್ಟೆಗಳು ಇನ್ನೂ ತಿರುಗುತ್ತಿವೆ, ಕೋರಿಕೆಗಳು ಸಾಲಿನಲ್ಲಿ ನಿಂತಿವೆ.